ತವರಿನ ಹಕ್ಕಿಸಾಲು

ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದರಲ್ಲಿ ಚೌಡಮ್ಮನದು ಎತ್ತಿದ ಕೈ. ಆ ಕೈ ಈ ವರ್ಷ ನಡುಗಿತು. ಎಳೆಯೆಲ್ಲ ಸೊಟ್ಟಗಾಯಿತು.

ಒಲೆಯ ಮುಂದೆ ಸೊಸೆ ನಾಗವೇಣಿ ಸೌತೆಕಾಯಿ, ಬೆಲ್ಲ, ಅಕ್ಕಿತರಿ ಕಲಸಿ ಬಾಳೆಲೆಯಲ್ಲಿ ಸಿಹಿಕಡುಬು ಕಟ್ಟುತ್ತಿದ್ದಳು. ಎಪ್ಪತ್ತೆರಡನೇ ಇಸವಿಯಲ್ಲಿ ಹೊಸನಗರದ ಕಡೆಯಿಂದ ಸಾಗರದ ಈ ಮನೆಗೆ ಬಂದ ಹೊಸತರಲ್ಲಿ, ಅವಳು ಆಸೆಪಟ್ಟು ಬುಟ್ಟಿಯ ಅಂಚಿಗೆ ತವರಿನ ಹಕ್ಕಿಸಾಲು ಬರೆದಿದ್ದಳು. “ನಮ್ಮನೆ ಬುಟ್ಟಿಗೆ ಇದೆಂತದು?” ಎಂದು ಚೌಡಮ್ಮ ಬಣ್ಣ ಆರುವ ಮೊದಲೇ ಒದ್ದೆಬಟ್ಟೆಯಲ್ಲಿ ಒರೆಸಿ ಹಾಕಿದ್ದಳು. ಆಮೇಲೆ ಹನ್ನೆರಡು ವರ್ಷ ಸೊಸೆ ಪುಂಡಿನಾರಿನ ಕುಂಚ ಮುಟ್ಟಲೇ ಇಲ್ಲ.

ಈಗ ಚೌಡಮ್ಮ ಆ ಕುಂಚವನ್ನು ಅವಳ ಮುಂದೆ ಹಿಡಿದಳು. “ತಗಳೆ, ನಿಮ್ಮಪ್ಪನ ಮನೆ ಹಕ್ಕಿ ಬರಿ. ಅವತ್ತು ನಾನು ಹಂಗೆ ಮಾಡಬಾರ್ದಿತ್ತು.”

ನಾಗವೇಣಿ ಕೈ ತೊಳೆದು ಬಂದು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಒಂದು ಎಳೆ ಎಳೆದು ಕೈ ತಡೆದಳು.

“ಕೊಕ್ಕು ಯಾವ ಕಡೆ ತಿರುಗ್ತಿತ್ತು ಅನ್ನೋದೇ ಮರ್ತೋಗಿದೆ ಅತ್ತೆ,” ಎಂದಳು, ಸಿಟ್ಟಿಲ್ಲದೆ.

ಆಮೇಲೆ, ನೋಡಿ ನೋಡಿ ಕಣ್ಣಿಗೆ ಕಟ್ಟಿದ್ದ ಚೌಡಮ್ಮನ ಚಿತ್ತಾರವನ್ನೇ ಒಂದೆಳೆಯೂ ತಪ್ಪದಂತೆ ಬರೆದುಕೊಟ್ಟಳು.