ಬುದಿಮಿರ್ ಮೇಸ್ತ್ರಿಯ ಮೂರು ಡಿಗ್ರಿ

ಜುಲೈ ತಿಂಗಳ ನಡುಹಗಲಲ್ಲಿ, ಲೆಸ್ಕೊವಾಟ್ಸ್ ಪೇಟೆಯ ಡಾಂಬರು ಮೆತ್ತಗಾಗಿ ಕಾಲಿಗೆ ಅಂಟುವ ಹೊತ್ತಿನಲ್ಲೂ, ಬುದಿಮಿರ್ ಮೇಸ್ತ್ರಿಯ ಕೊರಳಲ್ಲಿ ಉಣ್ಣೆಯ ಮಫ್ಲರು ಇದ್ದೇ ಇರುತ್ತಿತ್ತು. ನೀಲಿ ಕೋಟಿನ ಗುಂಡಿಗಳನ್ನು ಗಂಟಲಿನವರೆಗೆ ಬಿಗಿದು, ತೆರೆದ ಬಾಗಿಲು ಎದುರಾದರೆ ಎದೆಯೊಡ್ಡದೆ ಏಡಿಯಂತೆ ಓರೆಯಾಗಿ ಸರಿದುಹೋಗುತ್ತಿದ್ದರು. ಎದುರುಬದುರು ಕಿಟಕಿಗಳ ನಡುವೆ ನುಗ್ಗುವ ಗಾಳಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆಂಬ ಭಯ ನಮ್ಮ ಕಡೆಯವರಿಗೆಲ್ಲ ತಾಯಿಯ ಹಾಲಿನೊಡನೆ ಬಂದದ್ದು. ಮೇಸ್ತ್ರಿಯಲ್ಲಿ ಮಾತ್ರ ಅದು ವ್ರತವಾಗಿತ್ತು. ಇಂಥ ಮನುಷ್ಯನ ಜೀವನೋಪಾಯವೋ, ಕಾರುಗಳೊಳಗೆ ತಣ್ಣನೆಯ ಗಾಳಿ ಬೀಸುವಂತೆ ಮಾಡುವುದು!

ಹಳೆಯ ಕಾರುಗಳಿಗೆ, ಇಟ್ಟ ಡಿಗ್ರಿಯನ್ನು ತಾನೇ ಕಾಯ್ದುಕೊಳ್ಳುವ ಆಟೋಮ್ಯಾಟಿಕ್ ಎ.ಸಿ. ಜೋಡಿಸುವುದರಲ್ಲಿ ಅವರನ್ನು ಮೀರಿಸುವವರು ಸುತ್ತಿನ ನಾಲ್ಕು ಊರುಗಳಲ್ಲಿ ಇರಲಿಲ್ಲ. ಅದನ್ನು ನಿಯಂತ್ರಿಸುವ ಪೆಟ್ಟಿಗೆಯ ಬೆನ್ನಿನಿಂದ ಇಳಿಬೀಳುವ ಇಪ್ಪತ್ತಾರು ತಂತಿಗಳಲ್ಲಿ ಫ್ಯಾನಿನದು ಯಾವುದು, ಗಾಳಿಯ ದಾರಿಯನ್ನು ತಿರುಗಿಸುವ ಪುಟ್ಟ ಮೋಟಾರಿನದು ಯಾವುದು, ಕಾರಿನೊಳಗಿನ ಶಾಖವನ್ನು ಅಳೆದು ಹೇಳುವ ಸೆನ್ಸರಿನ ಎರಡು ಎಳೆಗಳು ಯಾವುವು ಎಂಬುದನ್ನೆಲ್ಲ ಚರ್ಚಿನ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದಿಟ್ಟುಕೊಂಡಿದ್ದರು. ತಂತಿಗೆ ತಂತಿ ಹೊಸೆದು ಟೇಪು ಸುತ್ತಿ ಕೈತೊಳೆದುಕೊಳ್ಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಪ್ರತಿಯೊಂದು ಗಂಟಿಗೂ ಬೆಸುಗೆ ಹಾಕಬೇಕು, ಅದು ತಣಿಯುವ ತನಕ ಉಸಿರು ಬಿಗಿಹಿಡಿಯಬೇಕು. ಮಾತು ಕಡಿಮೆ. ಆಡಿದ ಮಾತಿಗೂ "ಹಂಗಂತ ಇಟ್ಕೊಳ್ಳಿ" ಎಂಬ ಬಾಲ. ಶಾಲೆಯ ಮೇಷ್ಟ್ರಾದ ನನಗೂ ಅದೇ: "ಕಾರು ಗುರುವಾರ ಸಿಗುತ್ತೆ ಮೇಷ್ಟ್ರೇ, ಹಂಗಂತ ಇಟ್ಕೊಳ್ಳಿ." ಗುರುವಾರ ಕಾರು ಸಿಕ್ಕೇ ಸಿಗುತ್ತಿತ್ತು.

ನನ್ನ ಕಾರಿನ ಸರದಿ ಬಂದ ದಿನ ಟಾರ್ಚು ಹಿಡಿದು ಪಕ್ಕದಲ್ಲಿದ್ದವನು ನಾನೇ. ಸೆನ್ಸರಿನ ಒಂದು ಎಳೆಯನ್ನು ಕತ್ತರಿಸಿ, ನಡುವೆ ಕರೆಂಟಿಗೆ ತಡೆಯೊಡ್ಡುವ ಅಕ್ಕಿಕಾಳಿನಷ್ಟು ರೆಸಿಸ್ಟರೊಂದನ್ನು ಬೆಸೆದು, ಮೇಲೆ ಕಪ್ಪು ಬಟ್ಟೆಯ ಟೇಪು ಸುತ್ತಿದರು. ಹಾಳೆಯಲ್ಲಿ ಅದು ಇರಲಿಲ್ಲ.

"ಇದೇನು ಮೇಸ್ತ್ರೀ?"

ಅವರು ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರು. "ಕಾರಿಗೆ ಒಂದು ಸುಳ್ಳು. ಒಳಗೆ ಇರೋದಕ್ಕಿಂತ ಮೂರು ಡಿಗ್ರಿ ತಣ್ಣಗಿದೆ ಅಂದ್ಕೊಂಡು ಅದು ಮೆತ್ತಗೆ ಬೀಸುತ್ತೆ. ನಿಮ್ಮ ಕುತ್ತಿಗೆ ಉಳಿಯುತ್ತೆ. ಎಲ್ಲರದ್ದಕ್ಕೂ ಹಾಕಿದ್ದೀನಿ. ಯಾರ ಹತ್ರಾನೂ ಬಾಯಿಬಿಡಬೇಡಿ."

ಕಾರಣವನ್ನು ನಾನು ಕೇಳಬೇಕಾಗಿರಲಿಲ್ಲ. ಅವರ ಹೆಂಡತಿ ದೆಸಾಂಕಾಳ ಬಾಯಿಯ ಎಡತುದಿ ಕೆಳಗೆ ಜಾರಿದ್ದು ಊರಿಗೇ ಗೊತ್ತಿತ್ತು. ಹಿಂದೊಮ್ಮೆ ಸಮುದ್ರ ನೋಡಲು ಹೊರಟಾಗ, ಮೇಸ್ತ್ರಿ ತಮ್ಮ ಕೈಯಾರೆ ರಿಪೇರಿ ಮಾಡಿದ ಕಾರಿನ ಫ್ಯಾನು ದಾರಿಯುದ್ದಕ್ಕೂ ಆಕೆಯ ಕೆನ್ನೆಗೆ ಬೀಸಿತ್ತು. ಮರುದಿನ ಬೆಳಿಗ್ಗೆ ಮುಖದ ಆ ಭಾಗ ಸೆಟೆದುಹೋಗಿತ್ತು. ವೈದ್ಯರು ನರದ ತೊಂದರೆ ಎಂದರು. ಮೇಸ್ತ್ರಿ ಒಪ್ಪಲಿಲ್ಲ, ಅದು ತಮ್ಮ ಕೈಯ ಕೆಲಸವೆಂದೇ ನಂಬಿದರು.

ನಾಲ್ಕು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೆ. ಐದನೆಯ ವರ್ಷ, ಸಂತ ದಿಮಿತ್ರಿಯ ದಿನ, ಮೇಸ್ತ್ರಿಯ ಮನೆತನವನ್ನು ಕಾಯುವ ಸಂತನ ಹಬ್ಬ. ಆ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಬೇಕಾದವರು ತಾವೇ ಬರುತ್ತಾರೆ; ಮನೆಯ ಯಜಮಾನ ದಿನವಿಡೀ ಕೂರದೆ ನಿಂತೇ ಬಡಿಸುತ್ತಾನೆ. ಮಾಂಸ ತುಂಬಿದ ಎಲೆಕೋಸಿನ ಸುರುಳಿಗಳು ಖಾಲಿಯಾಗಿ, ಪ್ಲಮ್ ಹಣ್ಣಿನ ಸಾರಾಯಿ ಮೂರನೆಯ ಸುತ್ತಿಗೆ ಬಂದಿತ್ತು. ಟ್ಯಾಕ್ಸಿಯ ಸ್ರೆಟೆನ್ ತನ್ನ ಎ.ಸಿ.ಗೆ ವಯಸ್ಸಾಯಿತೆಂದು ಗೊಣಗುತ್ತಿದ್ದ. ನಾಲಗೆ ಜಾರಿತು ಎಂದು ಹೇಳಿಕೊಳ್ಳಬಹುದು. ಆದರೆ ಜಾರಲಿಲ್ಲ, ನಾನೇ ಹರಿಯಬಿಟ್ಟೆ. ಇಪ್ಪತ್ತು ಜನ ನಗುತ್ತಾರೆಂಬ ಆಸೆಗೆ ಆ ಅಕ್ಕಿಕಾಳಿನ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ. ನಕ್ಕರು ಕೂಡ. ಸ್ರೆಟೆನ್ ಮಾತ್ರ ನಗದೆ ಮೇಸ್ತ್ರಿಯತ್ತ ತಿರುಗಿದ.

"ಅಲ್ಲ ಕಣಯ್ಯಾ, ಎರಡು ಬೇಸಿಗೆ ಗಿರಾಕಿಗಳ ಹತ್ರ ಬೈಸ್ಕೊಂಡಿದ್ದೀನಿ ನಾನು! ಇಪ್ಪತ್ತಕ್ಕಿಟ್ಟರೂ ಬೆವರ್ತೀವಿ, ಎಂಥಾ ಡಕೋಟ ಗಾಡಿ ನಿಂದು ಅಂತ. ನಿನ್ನ ಹೆಂಡ್ತಿ ಮೂತಿ ಸೊಟ್ಟಗಾಯ್ತು ಅಂತ ನನ್ನ ಗಾಡಿ ಕೆಡಿಸಿದ್ಯಾ?"

ಸಾರಾಯಿಯ ಹೂಜಿ ಹಿಡಿದಿದ್ದ ದೆಸಾಂಕಾಳ ಇನ್ನೊಂದು ಕೈ ತಾನಾಗಿ ಕೆನ್ನೆಗೆ ಹೋಯಿತು. ಮೇಸ್ತ್ರಿ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಗೋಡೆಯ ಬಳಿಯಿದ್ದ ಕುರ್ಚಿಯನ್ನು ಎಳೆದುಕೊಂಡು, ತಮ್ಮದೇ ಮನೆಯಲ್ಲಿ, ತಮ್ಮದೇ ಸಂತನ ದೀಪದೆದುರು, ಕೂತುಬಿಟ್ಟರು.

ಆ ಚಳಿಗಾಲವೆಲ್ಲ ಒಂದೊಂದೇ ಕಾರನ್ನು ಕರೆಸಿದರು. ಡ್ಯಾಶ್‌ಬೋರ್ಡು ಬಿಚ್ಚಿ, ಟೇಪು ಸುಲಿದು, ಅಕ್ಕಿಕಾಳನ್ನು ಕತ್ತರಿಸಿ ತೆಗೆದು, ಎಳೆಗೆ ಎಳೆ ಬೆಸೆದು ಕಳಿಸಿದರು; ಬಿಡಿಗಾಸೂ ಮುಟ್ಟಲಿಲ್ಲ. ಕೆಲವರು ಎದುರಿಗೇ ಚುಚ್ಚಿದರು, ಕೆಲವರು ತಮ್ಮ ಕಾರನ್ನು ಬೇರೆಯವನ ಹತ್ತಿರ ಬಿಚ್ಚಿಸಿದರು. ಮೂವತ್ತು ವರ್ಷದ ಹೆಸರು ಮೂರು ತಿಂಗಳಲ್ಲಿ ಮಣ್ಣುಪಾಲಾಯಿತು. ಕೊನೆಯ ಕಾರು ನನ್ನದು.

"ನನ್ನದು ಹಾಗೇ ಇರಲಿ ಬಿಡಿ, ಮೇಸ್ತ್ರೀ," ಎಂದೆ.

"ಬೇಡ. ಈಗ ಇಪ್ಪತ್ತೆರಡು ಅಂದ್ರೆ ಇಪ್ಪತ್ತೆರಡೇ," ಎಂದರು. ಮಾತಿಗೆ ಬಾಲವಿರಲಿಲ್ಲ. ಅಕ್ಕಿಕಾಳು ಹೊರಬಂದ ಮೇಲೆ ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಗ್ಯಾರೇಜಿನ ಷಟರಿನ ಕೊಂಡಿಗೆ ಕೈಹಾಕಿದ್ದರು. ಅದು ಮತ್ತೆ ಮೇಲೇಳಲಿಲ್ಲ.

ಮರುವರ್ಷ ಸಂತ ದಿಮಿತ್ರಿಯ ದಿನ, ನಾಚಿಕೆಯನ್ನು ನುಂಗಿಕೊಂಡು ಹೋದೆ. ಇಪ್ಪತ್ತು ತಟ್ಟೆ ಇಟ್ಟಿದ್ದರು; ಬಂದವರು ನಾಲ್ವರು. ಹಬ್ಬಕ್ಕೆ ಬಂದವರು ಮೊದಲು ಒಂದು ಚಮಚ ಬಾಯಿಗಿಡಬೇಕಾದ ಬೇಯಿಸಿದ ಗೋಧಿಯ ಬಟ್ಟಲನ್ನು ದೆಸಾಂಕಾ ಮುಂದೆ ಚಾಚಿದಳು. ಮೇಸ್ತ್ರಿ ನಿಂತೇ ಬಡಿಸುತ್ತಿದ್ದರು. ನನ್ನ ಸರದಿ ಬಂದಾಗ ತಟ್ಟೆಯನ್ನು ಕೆಳಗಿಟ್ಟು, ನನ್ನ ಬೆನ್ನ ಹಿಂದೆ ಹೋಗಿ, ಅಡುಗೆಯ ಹಬೆ ಹೋಗಲೆಂದು ತೆರೆದಿದ್ದ ಕಿಟಕಿಯನ್ನು ಮುಚ್ಚಿ ಚಿಲಕ ಹಾಕಿ ಬಂದರು. ಆಮೇಲೆ ಬಡಿಸಿದರು.

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಕೇಳದೆಯೇ ನಮ್ಮ ಕ್ಷೇಮದ ಹೊಣೆ ಹೊರುತ್ತಾರೆ, ಅದಕ್ಕಾಗಿ ಸುಳ್ಳನ್ನೂ ಬೆಸೆಯುತ್ತಾರೆ, ಸಿಕ್ಕಿಬಿದ್ದಾಗ ವಾದಿಸದೆ ತಲೆ ತಗ್ಗಿಸುತ್ತಾರೆ. ಅವರು ಮಾಡಿದ್ದು ತಪ್ಪೇ, ಸ್ರೆಟೆನ್‌ನ ಸಿಟ್ಟೂ ನ್ಯಾಯವೇ. ಆದರೆ ಅಂಥವರ ತಪ್ಪನ್ನು ತಿದ್ದಿಸಿಬಿಟ್ಟ ಮೇಲೆ ನಮಗೆ ದಕ್ಕುವುದು ಸರಿಯಾದ ಅಂಕಿಯೊಂದೇ. ಡ್ಯಾಶ್‌ಬೋರ್ಡಿನ ಮೇಲಿನ ಆ ಇಪ್ಪತ್ತೆರಡನ್ನು ಎದುರಿಗಿಟ್ಟುಕೊಂಡು, ಕೊರಳಿಗೆ ಮಫ್ಲರು ಸುತ್ತಿಕೊಂಡು, ಜುಲೈ ತಿಂಗಳಲ್ಲಿ ನಾನೀಗ ಕಾರು ಓಡಿಸುತ್ತೇನೆ.