ಹತ್ತರಲ್ಲಿ ಒಂಬತ್ತು ಪಾಲು

ರೋಷನನ ತಲೆಯಲ್ಲಿ ಏನು ತುಂಬಿದೆಯೋ ಆ ದೇವರಿಗೇ ಗೊತ್ತು. ಎರಡು ಸಾವಿರದ ಐದರ ಸುಮಾರಿಗೆ ನಾವಿಬ್ಬರೂ ಕಾರವಾರದಲ್ಲಿ ಆಫೀಸು ಮಾಡಿ ಮೀನುಗಾರರ ಸಂಘಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಡಿಸ್ಕಿನಿಂದ ಓದಿದ ಫೈಲುಗಳನ್ನು ಮೆಮರಿಯಲ್ಲೇ ಇಟ್ಟುಕೊಂಡರೆ ಮುಂದಿನ ಸಲ ಬೇಗ ಸಿಗುತ್ತವೆ. ಅದಕ್ಕೆ ಕ್ಯಾಶೆ ಎನ್ನುತ್ತಾರೆ. ಅದಕ್ಕೆಷ್ಟು ಮೆಮರಿ ಎಂಬ ಮಿತಿಯನ್ನು ನಾವೇ ಹಾಕಿ ಕಳಿಸಬೇಕು, ಸಂಘದವರು ಯಾರೂ ಅದನ್ನು ಮುಟ್ಟುವುದಿಲ್ಲ. ಈ ಮಹಾಶಯ ಹತ್ತರಲ್ಲಿ ಒಂಬತ್ತು ಪಾಲು ಎಂದು ಹಾಕಿ ಕಳಿಸಿದ್ದ.

ನಮ್ಮ ಆಫೀಸಿನ ದೊಡ್ಡ ಕಂಪ್ಯೂಟರಿನಲ್ಲಿ ಅದು ಕುದುರೆಯ ಹಾಗೆ ಓಡಿತು. ಭಾವಿಕೇರಿ ಕಡೆಯ ಸಂಘದ ಹಳೇ ಡಬ್ಬಾ ಮಾತ್ರ, ಬೆಳಿಗ್ಗೆ ದೋಣಿಗಳಿಗೆ ಡೀಸೆಲ್ ಚೀಟಿ ಕೊಡುವ ಹೊತ್ತಿಗೇ ನಿಂತುಬಿಡುತ್ತಿತ್ತು. ಬೈಗುಳವೆಲ್ಲ ಅದರ ಮುಂದೆ ಕೂತ ಹೀರಾಳಿಗೆ. ಇನ್ನೊಂದು ಸಲ ನಿಂತರೆ ಕೆಲಸ ಬಿಡಿಸುತ್ತೇನೆ ಎಂದಿದ್ದ ಸೆಕ್ರೆಟರಿ ಮಧುಕರ. ಅವಳು ಫೋನಿನಲ್ಲಿ ಅತ್ತಾಗ ನನಗೆ ಮೈಯೆಲ್ಲ ಉರಿಯಿತು.

"ಕಾಲು ಪಾಲಿಗೆ ಇಳಿಸು ಮಾರಾಯಾ. ಉಳಿದ ಪ್ರೋಗ್ರಾಂ ಎಲ್ಲಿ ಹೋಗಿ ಸಾಯ್ಬೇಕು?" ಎಂದೆ.

"ಮೆಮರಿ ಖಾಲಿ ಇಟ್ಟು ಎಂತಾ ಮಾಡೂದು ನೀತಾ? ಬೇಕಾದಾಗ ಕ್ಯಾಶೆ ಜಾಗ ಬಿಡ್ತದೆ. ಆ ಹೀರಾಗೆ ಕಂಪ್ಯೂಟರ್ ಬರೂದಿಲ್ಲ, ಅಷ್ಟೇ."

"ನಿನ್ನ ಬಾಯಿಗೆ ಮಣ್ಣು ಹಾಕ!"

ಮರುದಿನ ಬೈತಖೋಲ ಬಂದರಿಗೆ ಅವನ ಅಪ್ಪನ ಟ್ರಾಲರ್ ಬಂತು. ಹೋಗಿ ನೋಡಿದರೆ ರೋಷನ ಗಂಟಲು ಹರಿಯುವಂತೆ ಕೂಗುತ್ತಿದ್ದ. ಟ್ರಾಲರ್ ನಡೆಸುವ ಹೊಸ ತಾಂಡೇಲ ಬೀರಾ, ಮೀನು ತುಂಬುವ ಕೋಣೆಯ ಬಾಯಿವರೆಗೂ ಬರ್ಫ, ಅಂದರೆ ಮಂಜುಗಡ್ಡೆ, ಒಟ್ಟಿಕೊಂಡು ಹೋಗಿದ್ದನಂತೆ. ಬಲೆ ತುಂಬ ಬಂಗಡೆ ಬಿತ್ತು. ಬರ್ಫ ಎತ್ತಿ ಎಸೆಯುವಷ್ಟರಲ್ಲಿ ಮೀನೆಲ್ಲ ಬಿಸಿಲಿಗೆ ಹಾಳಾಗಿತ್ತು.

"ಬೇಕಾದಾಗ ಬಿಸಾಕಿ ಜಾಗ ಮಾಡಿದ್ರಾಯ್ತು ಅಂದ್ಕಂಡಿದ್ದೆ," ಎಂದ ಬೀರಾ.

"ಬಿಸಾಕೂಕೆ ಹೊತ್ತು ಬೇಡ್ವನೋ ಮಳ್ಳಾ? ಅಲ್ಲೀವರೆಗೆ ಮೀನು ಕಾಯ್ತದ್ಯಾ?"

ನಾನು ಎದುರಿಗೆ ಹೋಗಿ ರೋಷನನ ಮುಖವನ್ನೇ ನೋಡುತ್ತ ನಿಂತೆ. ಅವನು ತಲೆ ತಗ್ಗಿಸಿದ. ಕ್ಯಾಶೆಯ ಮಿತಿ ಕಾಲು ಪಾಲಿಗೆ ಇಳಿಯಿತು. ಅಂದೇ ಸಂಜೆ ಅಂಕೋಲೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಭಾವಿಕೇರಿಯ ಸಂಘಕ್ಕೆ ಹೊಸ ಸಿಡಿ ಕಳಿಸಿ, ಬೆಳಿಗ್ಗೆ ನಾವೂ ಹೋದೆವು.

ಹೀರಾಳ ಕುರ್ಚಿಯಲ್ಲಿ ಮಧುಕರನ ಅಳಿಯ ಮಂಗೇಶ ಕೂತಿದ್ದ. ಸಿಡಿ ಹಾಕಿದ್ದೂ ಅವನೇ. ಚೀಟಿಗಳು ಸರಸರ ಬರುತ್ತಿದ್ದವು.

"ನಿನ್ನೆ ಮತ್ತೆ ನಿಲ್ಸಿದ್ಳು, ಮನೆಗೆ ಕಳಿಸ್ದೆ," ಎಂದ ಮಧುಕರ. "ಅವಳು ಹೋದದ್ದೇ ಹೋದದ್ದು, ಮಷೀನೂ ಸರಿಯಾಯ್ತು. ನಮ್ಮ ಮಂಗೇಶನ ಕೈಗುಣ ನೋಡಿ!"

ಕೈಗುಣವಂತೆ! ನನ್ನ ಪಿತ್ತ ನೆತ್ತಿಗೇರಿತು. ಮಂಗೇಶನನ್ನು ಎಬ್ಬಿಸಿ, ಮಿತಿಯನ್ನು ಮತ್ತೆ ಹತ್ತರಲ್ಲಿ ಒಂಬತ್ತಕ್ಕೆ ಏರಿಸಿದೆ. "ಕೂತ್ಕಾ ತಮಾ, ಈಗ ಕೊಡು ಚೀಟಿ," ಎಂದೆ.

ಸ್ವಲ್ಪ ಹೊತ್ತಿಗೇ ಅದು ನಿಂತಿತು. ಮಂಗೇಶ ಒತ್ತಿದ್ದೇ ಒತ್ತಿದ್ದು, ಏನೂ ಆಗಲಿಲ್ಲ. ಸಾಲಿನಲ್ಲಿದ್ದ ದೋಣಿಯವರು ಅವನ ವಂಶವನ್ನೆಲ್ಲ ಜಾಲಾಡತೊಡಗಿದರು.

"ಈಗ ಯಾರನ್ನ ಮನೆಗೆ ಕಳಿಸ್ತ್ರಿ?" ಎಂದು ಮಧುಕರನನ್ನು ಕೇಳಿದೆ.

ಅವನು ಬೆವರು ಒರೆಸಿಕೊಂಡ. ರೋಷನನೇ ಮುಂದೆ ಬಂದ. "ತಪ್ಪು ನಂದು. ಹೀರಾಬಾಯಿದಲ್ಲ."

"ನಮಗಲ್ಲ, ಅವಳ ಮುಂದೆ ಹೇಳು. ಹೋಗಿ ಕರ್ಕಂಡು ಬಾ," ಎಂದೆ.

"ಮೊದ್ಲು ಮಷೀನ್ ಸರಿ ಮಾಡಿ ತಂಗೀ, ಜನ ಕಾಯ್ತಿದ್ದಾರೆ," ಎಂದು ಮಧುಕರ ಗೋಗರೆದ.

ನಾನು ಕೈಕಟ್ಟಿ ಕೂತೆ. ಹೀರಾ ಬಂದು ತನ್ನ ಕುರ್ಚಿಯಲ್ಲಿ ಕೂತ ಮೇಲೆಯೇ ಮಿತಿ ಇಳಿಸಿದ್ದು.