ಅಜ್ಜಿಯ ಮೊಣಕಾಲೂ ಮಗುವಿನ ಅಂಗಾಲೂ

ಉಯಿಸಂಗ್ ಸೀಮೆಯಲ್ಲಿ ಜೂನ್ ಬಂತೆಂದರೆ ಬೆಳ್ಳುಳ್ಳಿ ಕೀಳುವ ಕಾಲ. ನಮ್ಮೂರ ಹೆಂಗಸರೆಲ್ಲ ಹಿಂದುಗಡೆ ಮೆತ್ತನೆಯ ದುಂಡು ಪೀಠ ಕಟ್ಟಿಕೊಂಡು ಹೊಲಕ್ಕಿಳಿಯುತ್ತಾರೆ. ಕೂತರೆ ಕುರ್ಚಿ, ಎದ್ದರೆ ಬಾಲ. ಹತ್ತು ದಿನ ಹೀಗೆ ಕೂತು ಎದ್ದು ಮಾಡಿದರೆ ಯಾರ ಮೊಣಕಾಲು ಸುಮ್ಮನಿರುತ್ತದೆ?

ಎಪ್ಪತ್ತೆರಡರ ಮಾಲ್‌ಸುನ್ ಅಜ್ಜಿಗೂ ನೋವು ಹತ್ತಿತು. ಮದ್ದು ಕೇಳಲು ಅವರು ಎಲ್ಲಿಗೂ ಹೋಗಬೇಕಿರಲಿಲ್ಲ. ನಲವತ್ತು ವರ್ಷದಿಂದ ಊರಿಗೆಲ್ಲ ಮದ್ದು ಹೇಳುತ್ತಿದ್ದವರೇ ಅವರು. ಹಸಿ ಬೆಳ್ಳುಳ್ಳಿ ಜಜ್ಜಿದರು, ಮೊಣಕಾಲಿಗೆ ಮೆತ್ತಿದರು, ಮೇಲೆ ಪ್ಲಾಸ್ಟಿಕ್ ಸುತ್ತಿ ಮಧ್ಯಾಹ್ನವೆಲ್ಲ ಬಿಟ್ಟರು. ಉರಿದಾಗ ‘ನೋವು ಹೊರಗೆ ಹೋಗುತ್ತಿದೆ’ ಅಂದುಕೊಂಡರು. ಬಿಚ್ಚಿ ನೋಡಿದರೆ ಮೊಣಕಾಲ ಮೇಲೆ ಎರಡು ಗುಳ್ಳೆ. ಅದಕ್ಕೊಂದಿಷ್ಟು ಅಡುಗೆಯ ಹುದುಗು, ಅಂದರೆ ಹುಳಿಸಿದ ಸೋಯಾಕಾಳಿನ ಮುದ್ದೆ, ಬಳಿದು, ದೊಗಳೆ ಹೂವಿನ ಪೈಜಾಮ ಹಾಕಿಕೊಂಡು, ತೆಪ್ಪಗಾದರು. ವೈದ್ಯರ ಮರ್ಯಾದೆಯ ಪ್ರಶ್ನೆ!

ಎರಡು ದಿನಕ್ಕೆ ಸೊಸೆ ಹ್ಯೇರಿಮ್ ಐದು ತಿಂಗಳ ಯೊವುಲ್‌ಳನ್ನು ಎತ್ತಿಕೊಂಡು ಬಂದಳು. ಮಗುವಿಗೆ ನೆಗಡಿ, ಮೂಗು ಗೊರಗೊರ. ಅಜ್ಜಿ ಒಳಗೆ ಹೋದರು. ಒರಳಿನ ಸದ್ದು ಶುರುವಾಯಿತು. ಮಗುವಿನ ಅಂಗಾಲಿಗೆ ಬೆಳ್ಳುಳ್ಳಿ ಕಟ್ಟಿ, ಮೇಲೆ ಕಾಲುಚೀಲ ಹಾಕುವುದಂತೆ.

ಹ್ಯೇರಿಮ್‌ಗೆ ಅದು ಸರಿಕಾಣಲಿಲ್ಲ. ಆದರೆ ಅತ್ತೆಗೆ ಬೇಡವೆನ್ನುವ ಸೊಸೆ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಡೈಪರ್ ಮುಗಿದಿದೆ ಎಂದು ಮಗುವಿನ ಸಮೇತ ಹೊರಟಳು. ತಿರುಗಿ ಬಂದಾಗ ಕೈಯಲ್ಲಿ ಡೈಪರ್ ಇರಲಿಲ್ಲ, ಹಿಂದೆ ಆರೋಗ್ಯಕೇಂದ್ರದ ನರ್ಸ್ ಮಿರಾನ್ ಇದ್ದಳು.

ಮಿರಾನ್ ಜಜ್ಜಿದ ಬೆಳ್ಳುಳ್ಳಿಯ ಬಟ್ಟಲು ನೋಡಿದಳು. ಮಗುವಿಗೆ ಅದನ್ನು ಹಚ್ಚಬಾರದು, ಸುಡುತ್ತದೆ ಎಂದಳು.

ಅಜ್ಜಿ ಸೊಂಟದ ಮೇಲೆ ಕೈ ಇಟ್ಟರು. “ಎಪ್ಪತ್ತು ವರ್ಷದಿಂದ ತಿಂತಿದೀನಿ ಕಣಮ್ಮ. ನನ್ನ ಹೊಟ್ಟೆ ಸುಟ್ಟೋಗಿದ್ಯಾ?”

ಹೊಟ್ಟೆಗೆ ಹೋದದ್ದು ಅನ್ನ-ಸಾರಿನ ಜೊತೆ ಬೆರೆತು ಮುಂದೆ ಸಾಗುತ್ತದೆ, ಬೇಯಿಸಿದರೆ ಅದರ ಖಾರವೂ ಇಳಿಯುತ್ತದೆ. ಕಟ್ಟಿದ್ದು ಒಂದೇ ಕಡೆ ಗಂಟೆಗಟ್ಟಲೆ ಕೂರುತ್ತದೆ ಎಂದು ಮಿರಾನ್ ಬಿಡಿಸಿ ಹೇಳಿದಳು. ಅಜ್ಜಿ ನರ್ಸಮ್ಮನ ಸಣ್ಣ ದನಿಯನ್ನೇ ಅಣಕಿಸಿ, “ಒಂದೇ ಕಡೆ ಕೂರುತ್ತದೆ” ಎಂದು ಮೂಗಿನಲ್ಲಿ ಹೇಳಿ ನಕ್ಕರು. ಆಮೇಲೆ ಗತ್ತಿನಿಂದ ತಮ್ಮ ಸಾಕ್ಷಿ ಮುಂದಿಟ್ಟರು. “ಮೊನ್ನೆ ಮೊಣಕಾಲಿಗೆ ಕಟ್ಟಿದ್ದೆ. ಬಾಯಿಗೆ ಒಂದೆಸಳೂ ಹಾಕಿರ್ಲಿಲ್ಲ. ಆದ್ರೂ ಒಂದು ಗಂಟೆ ಕಳೆಯೋದ್ರೊಳಗೆ ಬಾಯಲ್ಲಿ ಅದೇ ರುಚಿ. ಮದ್ದು ಒಳಗಿಳೀತು ಅಂತ ತಾನೆ?”

“ಮೊಣಕಾಲಿಗಾ?” ಅಂದಳು ಮಿರಾನ್. “ತೋರ್ಸಿ ಅಜ್ಜಿ.”

ಪೈಜಾಮ ಮೇಲೇರಿತು. ಮಿರಾನ್ ಬಗ್ಗಿ ನೋಡಿ ಮೂಸಿದಳು. “ಬೆಳ್ಳುಳ್ಳಿನೂ ಇದೆ, ಹುದುಗೂ ಇದೆ. ಇನ್ನು ಸುಟ್ಟ ಹಂದಿಮಾಂಸ, ಸೊಪ್ಪಿನೆಲೆ ತಂದ್ರೆ ಊಟಕ್ಕೆ ಕೂರ್ಬೋದು.”

ಸೊಸೆ ಗೋಡೆಯ ಕಡೆ ತಿರುಗಿ ನಕ್ಕಳು.

ಗುಳ್ಳೆ ಒರೆಸುತ್ತಾ ಮಿರಾನ್ ಹೇಳಿದ್ದು ಇಷ್ಟು. ಇಡೀ ಎಸಳು ಸಾಧು. ಅದರೊಳಗೆ ಎರಡು ವಸ್ತುಗಳು ಬೇರೆ ಬೇರೆ ಕೋಣೆಯಲ್ಲಿರುತ್ತವೆ. ಜಜ್ಜಿದರೆ ಗೋಡೆ ಒಡೆದು ಎರಡೂ ಸೇರಿ ಆಲಿಸಿನ್ ಎಂಬ ಖಾರ ಹುಟ್ಟುತ್ತದೆ. ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಎಣ್ಣೆಜಿಡ್ಡಿನ ತೆಳು ಪೊರೆಯಿದೆ. ಜೀವವನ್ನು ಪೊರೆಯುವುದೇ ಆ ಪೊರೆ. ಆಲಿಸಿನ್ ಬಾಗಿಲು ತಟ್ಟದೆ ಅದರೊಳಗೆ ನುಸುಳಿ ಒಳಗಿನ ಕೆಲಸ ಕೆಡಿಸುತ್ತದೆ. ರೋಗಾಣುವನ್ನು ಅದು ಕೊಲ್ಲುವುದೂ ಹೀಗೆಯೇ. ಆದರೆ ಇದು ರೋಗಾಣು, ಇದು ಅಜ್ಜಿ ಎಂದು ಗುರುತು ಹಿಡಿಯಲು ಅದಕ್ಕೆ ಬಾರದು.

“ಬಾಯಿಗೆ ರುಚಿ ಬಂತು ಅಂದ್ರಲ್ಲ, ಒಳಗಿಳಿದಿದ್ದು ನಿಜ ಅಜ್ಜಿ. ದಾರೀಲಿ ಸುಟ್ಕೊಂಡೇ ಇಳಿದಿದೆ. ನಿಮ್ಮದು ಬಿಸಿಲು ಮಣ್ಣು ಕಂಡ ಚರ್ಮ, ಅದಕ್ಕೇ ಹೀಗಾಗಿದೆ. ಈ ಪಾದ ಇನ್ನೂ ನೆಲಾನೇ ಮುಟ್ಟಿಲ್ಲ.”

ಅಜ್ಜಿ ಮಗುವಿನ ಅಂಗಾಲನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳಿನಷ್ಟಗಲ, ಹೊಸ ಅಕ್ಕಿಹಿಟ್ಟಿನ ಹಾಗೆ ಮೆತ್ತಗೆ.

“ಯೊವುಲ್ ಅಮ್ಮ,” ಅಂದರು ಕೊನೆಗೆ ಸೊಸೆಗೆ, “ಆ ಬಟ್ಟಲು ಒಳಗಿಡು. ಕಿಮ್ಚಿ ಉಪ್ಪಿನಕಾಯಿಗೆ ಅಂತಲೇ ಜಜ್ಜಿದ್ದೆ ನಾನು.”

ಹ್ಯೇರಿಮ್ ಬಟ್ಟಲನ್ನು ಒಳಗೊಯ್ದಳು. ಮಿರಾನ್ ಮಗುವಿನ ಉಸಿರು ಎಣಿಸಿ, ಎದೆಹಾಲು ಕುಡಿಸುತ್ತಿರಿ, ಜ್ವರ ಬಂದರೆ, ಉಸಿರು ಜೋರಾದರೆ ಅಥವಾ ಹಾಲು ಕುಡಿಯದಿದ್ದರೆ ತಡಮಾಡದೆ ಬನ್ನಿ ಎಂದು ಹೊರಟಳು.

ಮರುದಿನ ಅಜ್ಜಿ ಹೊಲದ ನಡುವೆ ಪೈಜಾಮ ಮಡಚಿ ನಿಂತು ಎಲ್ಲ ಹೇಳಿದರು. ಕೇಳಿದವರಲ್ಲಿ ಮೂವರು ಮೆಲ್ಲಗೆ ತಮ್ಮ ಪೈಜಾಮವನ್ನೂ ಮಡಚಿದರು. ಮೂವರಿಗೂ ಮದ್ದು ಹೇಳಿದ್ದವರು ಅಜ್ಜಿಯೇ. ಮಧ್ಯಾಹ್ನ ಆ ಮೂವರನ್ನೂ ಅವರೇ ಮುಂದೆ ನಿಂತು ಆರೋಗ್ಯಕೇಂದ್ರಕ್ಕೆ ಕರೆದೊಯ್ದರು.

ಓದುತ್ತಿರುವ ನೀವೂ ಒಮ್ಮೆ ನಿಮ್ಮ ಮೊಣಕಾಲು ನೋಡಿಕೊಳ್ಳಿ. ಜಜ್ಜಿದ ಹಸಿ ಬೆಳ್ಳುಳ್ಳಿಯನ್ನು ಮೈಗೆ ಕಟ್ಟಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಕಟ್ಟಿ ಉರಿ ಹತ್ತಿದರೆ ಆ ಕ್ಷಣವೇ ತೆಗೆದು, ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಿರಿ. ಗುಳ್ಳೆ ಒಡೆಯಬೇಡಿ, ಹುದುಗು, ಟೂತ್‌ಪೇಸ್ಟ್ ಏನನ್ನೂ ಬಳಿಯಬೇಡಿ, ನೇರ ನರ್ಸಮ್ಮನ ಹತ್ತಿರ ಬನ್ನಿ. ನಾಚಿಕೆ ಬೇಡ, ನಿಮಗಿಂತ ಮೊದಲು ನಮ್ಮೂರ ವೈದ್ಯರೇ ಬಂದು ಹೋಗಿದ್ದಾರೆ.